ಹಡಗಿನಕ್ಕನ ಕಂದು ಗುಂಡಿ

ಕೆಲವರಿಗೆ ಸಂಗೀತ ಹುಟ್ಟಿನಿಂದಲೇ ಬಂದಿರುತ್ತದೆ. ನಮ್ಮ ಅತ್ತಿಗೆಗೆ ಹೆದರಿಕೆ ಹಾಗೆ ಬಂದದ್ದು. ಅದರ ಮೇಲೆ ದಿನವೂ ಅಭ್ಯಾಸ ಬೇರೆ. ಲಿಫ್ಟಿಗೆ ಹೆದರುತ್ತಾರೆ, ಬಾಗಿಲು ಮುಚ್ಚಿಕೊಂಡು ತೆರೆಯದೇ ಹೋದರೆ ಅಂತ. ನಾಯಿಗೆ ಹೆದರುತ್ತಾರೆ, ಅದು ಮಲಗಿದ್ದರೆ ಇನ್ನೂ ಹೆಚ್ಚು, ಎದ್ದುಬಿಟ್ಟರೆ ಅಂತ. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಅಡುಗೆಮನೆಯ ಒಲೆಯದು. ಕೊಳವೆಯಲ್ಲಿ ಗ್ಯಾಸ್ ಬರುವ ಒಲೆ. ಕೆಲಸಕ್ಕೆ ಹೊರಟು, ರಸ್ತೆ ದಾಟಿ, ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಚೀಲ ಇಟ್ಟ ಕೂಡಲೇ ಅವರ ಮುಖದ ಬಣ್ಣ ಬದಲಾಗುತ್ತದೆ. "ಒಲೆ ಆರಿಸಿದ್ನಾ?" ಅನ್ನುತ್ತಾರೆ, ಚೀಲ ಎತ್ತಿಕೊಂಡು ವಾಪಸ್ ಹೊರಡುತ್ತಾರೆ. ಒಲೆ ಆರಿಯೇ ಇರುತ್ತದೆ. ಬಸ್ಸು ಮಾತ್ರ ಹೋಗಿರುತ್ತದೆ.

ಇಂಥ ಅತ್ತಿಗೆಯನ್ನು ಮದುವೆಯಾದ ನನ್ನ ಅಣ್ಣ, ಗ್ಯಾಸ್ ಸಾಗಿಸುವ ಹಡಗಿನಲ್ಲಿ ಫಿಟ್ಟರು. ವಿಧಿಗೆ ಹಾಸ್ಯಪ್ರಜ್ಞೆ ಇಲ್ಲ ಅನ್ನುವವರು ನಮ್ಮ ಮನೆಗೆ ಬಂದು ಹೋಗಬೇಕು. ನೆಲದಡಿಯ ಗ್ಯಾಸನ್ನು ಭಯಂಕರ ಚಳಿಗೆ ಒಡ್ಡಿ ನೀರಿನಂತೆ ಮಾಡಿ, ಬೆಟ್ಟದಷ್ಟು ದೊಡ್ಡ ಫ್ಲಾಸ್ಕಿನೊಳಗೆ ತುಂಬಿ, ಆ ಫ್ಲಾಸ್ಕಿಗೇ ಎಂಜಿನ್ ಕೂರಿಸಿದರೆ ಏನಾಗುತ್ತದೋ ಅದೇ ಅಣ್ಣನ ಹಡಗು. ವರ್ಷದ ಮುಕ್ಕಾಲು ಭಾಗ ಅವನು ಅದರ ಮೇಲೆ ಮಲಗಿ ಏಳುತ್ತಾನೆ. ಕೊಳವೆ, ನಟ್ಟು, ಬೋಲ್ಟು ಅವನ ಕೆಲಸ. ಆದರೆ ರಜೆಗೆ ಬಂದಾಗ ಅವನ ಮಾತು ಕೇಳಿದರೆ, ಇವನು ಇಲ್ಲಿ ಕೂತಿದ್ದಾನಲ್ಲ, ಅಲ್ಲಿ ಹಡಗು ಹೇಗೆ ತೇಲುತ್ತಿದೆ ಎಂದು ಗಾಬರಿಯಾಗುತ್ತದೆ. ಬಿರುಗಾಳಿಯಲ್ಲಿ ತಾನು ಏನು ಹೇಳಿದೆ, ಅದಕ್ಕೆ ಬಿರುಗಾಳಿ ಏನು ಹೇಳಿತು ಎಲ್ಲ ಬರುತ್ತದೆ. ಅದಕ್ಕೇ ನಮ್ಮಮ್ಮ ಅವನಿಗೆ 'ಕ್ಯಾಪ್ಟನ್' ಅಂತ ಹೆಸರಿಟ್ಟಿದ್ದು. ಹಡಗಿನ ಅಸಲಿ ಕ್ಯಾಪ್ಟನ್ನಿಗೆ ಈ ವಿಷಯ ಗೊತ್ತಿಲ್ಲ, ಪುಣ್ಯ.

ಸಮುದ್ರದಿಂದ ಫೋನ್ ಮಾಡಿದಾಗಲೆಲ್ಲ ಅಣ್ಣ ಮಾತು ಮುಗಿಸುತ್ತಿದ್ದುದು ಒಂದೇ ರೀತಿ. "ಏನೇ, ಒಲೆ ಆರಿಸಿದ್ಯಾ?" ಅಂತ ಕೇಳಿ ಹೋ ಎಂದು ನಗುತ್ತಿದ್ದ. ಅತ್ತಿಗೆ ಫೋನಿಟ್ಟು, ಯಾರೂ ನೋಡುತ್ತಿಲ್ಲ ಎಂದು ಖಚಿತಪಡಿಸಿಕೊಂಡು, ಅಡುಗೆಮನೆಗೆ ಹೋಗಿ ನೋಡಿ ಬರುತ್ತಿದ್ದರು.

ಅತ್ತಿಗೆಯ ಕೆಲಸ ದೇಶಕ್ಕೆ ಎಣ್ಣೆ, ಗ್ಯಾಸು ಕೊಳ್ಳುವ ನಿಗಮದಲ್ಲಿ. ನಾನೂ ಅಲ್ಲೇ, ಪ್ರಚಾರ ವಿಭಾಗದಲ್ಲಿ. ಮೊದಲು ಅವರು ಪಿಂಚಣಿ ವಿಭಾಗದಲ್ಲಿ ಟೈಪಿಸ್ಟ್ ಆಗಿದ್ದರು. ಬರೆದದ್ದನ್ನು ನೋಡಿ, ನೋಡಿದ್ದನ್ನು ಮತ್ತೆ ನೋಡುವ ಅಭ್ಯಾಸ ಮೇಲಿನವರ ಕಣ್ಣಿಗೆ ಬಿತ್ತು. ನಿಗಮದ ಹಡಗುಗಳ ಮೇಲೆ ಕಣ್ಣಿಡುವ 'ಹಡಗಿನ ಕೋಣೆ'ಗೆ ಹಾಕಿದರು. ಅಲ್ಲಿಂದ ಅವರ ಹೆಸರು ಹಡಗಿನಕ್ಕ. ಕೋಣೆ ಮೇಲಿನ ಅಂತಸ್ತಿನಲ್ಲಿದೆ. ಹಡಗಿನಕ್ಕ ಇವತ್ತಿಗೂ ಮೆಟ್ಟಿಲು ಹತ್ತಿಯೇ ಹೋಗುವುದು.

ಇಷ್ಟು ದೊಡ್ಡ ದೇಶ, ಇಷ್ಟೊಂದು ಕಾರ್ಖಾನೆ, ಲಾರಿ, ಒಲೆ. ನಮ್ಮ ನೆಲದಲ್ಲಿ ಸಿಗುವ ಎಣ್ಣೆ, ಗ್ಯಾಸು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮಿಕ್ಕಿದ್ದೆಲ್ಲ ಹೊರಗಿನಿಂದ ಬರಬೇಕು. ಅದು ಹೇಗೆ ತಪ್ಪದೆ ಬರುವಂತೆ ಮಾಡುವುದು ಎಂಬ ಬಗ್ಗೆ ನಿಗಮದವರು ತಲೆದಿಂಬಿನಷ್ಟು ದಪ್ಪದ ನೀತಿಗ್ರಂಥ ಬರೆಸಿದ್ದಾರೆ. ನಾನು ಪ್ರಚಾರದವನಾದ್ದರಿಂದ ಓದಲೇಬೇಕಾಯಿತು. ಓದುತ್ತಾ ಹೋದಂತೆ ಇದನ್ನೆಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಆಮೇಲೆ ಹೊಳೆಯಿತು: ಇದು ನಮ್ಮಮ್ಮನ ದಿನಸಿ ಕೋಣೆ!

ಅಮ್ಮ ಎಂದೂ ಒಂದೇ ಅಂಗಡಿಯವನನ್ನು ನೆಚ್ಚಿದವಳಲ್ಲ. "ಒಬ್ಬನ್ನೇ ನಂಬಿದ್ರೆ ಅವನು ನಮ್ಮನೆ ಯಜಮಾನ ಆಗ್ತಾನೆ" ಎನ್ನುವಳು. ಮೂಲೆಯ ಅಂಗಡಿಯವನ ಜೊತೆ ವರ್ಷದುದ್ದದ ಮಾತು: ಬೆಲೆ ಏರಲಿ ಇಳಿಯಲಿ, ಇಷ್ಟು ಅಕ್ಕಿ ನನಗೇ ಎತ್ತಿಡಬೇಕು; ನಾನೂ ಅಷ್ಟನ್ನು ಕೊಂಡೇ ಕೊಳ್ಳುತ್ತೇನೆ. ಅವನ ಜೊತೆ ಜಗಳವಾದಾಗ ಇರಲಿ ಅಂತ ದೂರದ ಅಂಗಡಿಯವನಿಗೂ ಒಂದು ನಗೆ. ಅಷ್ಟೂ ಸಾಲದೆಂದು ಅಟ್ಟದ ಮೇಲೆ ಯಾರಿಗೂ ತೋರಿಸದ ಡಬ್ಬ. ನಿಗಮವೂ ಇದನ್ನೇ ಮಾಡುತ್ತದೆ. ಅಟ್ಟದ ಬದಲು ಬಂಡೆ ಕೊರೆದು ಮಾಡಿದ ಗವಿಗಳಲ್ಲಿ ಕಚ್ಚಾ ಎಣ್ಣೆ ತುಂಬಿಟ್ಟಿದೆ. ಆದರೆ ಚಳಿಗೆ ನೀರಾದ ಗ್ಯಾಸಿನದು ಬೇರೆ ಕತೆ. ಅದನ್ನು ಬಹಳ ದಿನ ಕೂಡಿಡಲು ಆಗುವುದಿಲ್ಲ. ಎಷ್ಟೇ ಒಳ್ಳೆಯ ಫ್ಲಾಸ್ಕಾದರೂ ದಿನದಿನಕ್ಕೆ ಇಷ್ಟಿಷ್ಟು ಆವಿಯಾಗಿ ಹೋಗುತ್ತದೆ. ಹಾಲಿನವನಂತೆ ಗ್ಯಾಸಿನ ಹಡಗು ಬರುತ್ತಲೇ ಇರಬೇಕು. ಬಾರದಿದ್ದರೆ ಒಲೆ ಸಣ್ಣಗಾಗುತ್ತದೆ.

ಹೀಗೆ ಬರುವ ಹಡಗುಗಳಿಗಾಗಿ ಹಡಗಿನ ಕೋಣೆಯ ಗೋಡೆ ತುಂಬ ಒಂದು ಕಬ್ಬಿಣದ ತಗಡು, ಅದರ ಮೇಲೆ ಸಮುದ್ರಗಳ ನಕ್ಷೆ. ಕಂಪ್ಯೂಟರಿನ ಪರದೆಯಲ್ಲಿ ಹಡಗುಗಳು ಚುಕ್ಕೆಗಳಾಗಿ ತಾವೇ ಚಲಿಸುತ್ತವೆ, ನಿಜ. ಆದರೆ ಚುಕ್ಕೆ ನೋಡಲು ಬಗ್ಗಬೇಕು, ದೊಡ್ಡವರು ಬಗ್ಗುವುದಿಲ್ಲ. ಹಾಗಾಗಿ ನಕ್ಷೆ ಉಳಿಯಿತು. ಅದರ ಮೇಲಿನ ಹಡಗುಗಳೆಂದರೆ ಹಿಂದೆ ಆಯಸ್ಕಾಂತದ ಚೂರು ಅಂಟಿಸಿದ ಅಂಗಿ, ಕೋಟಿನ ಗುಂಡಿಗಳು. ಅಮ್ಮನ ಹೊಲಿಗೆ ಡಬ್ಬದಿಂದ ಅತ್ತಿಗೆ ತಂದವು. ಅಣ್ಣನ ಹಡಗಿಗೆ ಅವನದೇ ಹಳೆಯ ಕೋಟಿನ ಕಂದು ಗುಂಡಿ.

ಗುಂಡಿ ಸರಿಸುವುದಕ್ಕೆ ಅತ್ತಿಗೆಯದು ಒಂದು ಕಟ್ಟಳೆ. ಪ್ರತಿ ಹಡಗೂ ತನ್ನ ಗಡಿಯಾರದ ನಡುಹಗಲಿಗೆ ಒಂದು ವರದಿ ಕಳಿಸುತ್ತದೆ: ಎಲ್ಲಿದ್ದೇವೆ, ಎಷ್ಟು ವೇಗ, ಕಡಲು ಹೇಗಿದೆ, ಎಷ್ಟು ಗ್ಯಾಸು ಆವಿಯಾಯಿತು. ಆ ವರದಿ ಬರಬೇಕು, ಅತ್ತಿಗೆ ಅದನ್ನು ಓದಿ ಮತ್ತೆ ಓದಬೇಕು, ಆಮೇಲೆ ಗುಂಡಿ ಜರುಗಬೇಕು. ಅಲ್ಲಿಯವರೆಗೆ ಪರದೆಯ ಚುಕ್ಕೆ ಏನೇ ಹೇಳಲಿ, ಗುಂಡಿ ಕೂದಲೆಳೆಯಷ್ಟೂ ಕದಲುವುದಿಲ್ಲ. "ಚುಕ್ಕೆ ಮೆಶೀನು ಹೇಳೋದು, ವರದಿ ಮನುಷ್ಯರು ಹೇಳೋದು" ಎನ್ನುತ್ತಿದ್ದರು. ಇದೂ ಒಲೆ ನೋಡಿ ಬರುವ ಚಾಳಿಯ ಇನ್ನೊಂದು ರೂಪ ಎಂದು ನಾವೆಲ್ಲ ನಗುತ್ತಿದ್ದೆವು.

ನಗು ನಿಂತದ್ದು ಆ ವರ್ಷ. ನಮಗೆ ಗ್ಯಾಸು ಬರುವ ದಾರಿಯಲ್ಲಿ ಕಡಲು ಒಂದು ಕಡೆ ಬಹಳ ಇಕ್ಕಟ್ಟಾಗುತ್ತದೆ. ಎರಡೂ ಕಡೆ ನೆಲ, ನಡುವೆ ಸಣ್ಣ ಓಣಿಯಷ್ಟು ನೀರು. ಕೋಣೆಯಲ್ಲಿ ಅದಕ್ಕೆ 'ಗಂಟಲು' ಅಂತಲೇ ಹೆಸರು. ಅದರ ಎರಡು ದಡದವರಿಗೂ ಜಗಳ ಹತ್ತಿತು. ಯಾರು ಸರಿ ಯಾರು ತಪ್ಪು ನನಗೆ ತಿಳಿಯದು. ತಿಳಿದವರೆಲ್ಲ ಟಿವಿಯಲ್ಲಿ ಕೂತಿದ್ದರು. ಗೊತ್ತಾದದ್ದಿಷ್ಟು: ನೀರಿನಲ್ಲಿ ಸಿಡಿಯುವ ವಸ್ತುಗಳು ತೇಲುತ್ತಿವೆ, ಆಕಾಶದಿಂದಲೂ ಏನೇನೋ ಬೀಳುತ್ತಿದೆ, ವಿಮೆಯವರು ಹಡಗಿನ ಹೆಸರು ಕೇಳಿದರೆ ಫೋನಿಡುತ್ತಾರೆ. ದೂರದ ಅಂಗಡಿಗಳಿಂದ ಗ್ಯಾಸು ತರಿಸಲು ನಿಗಮ ಓಡಾಡಿತು. ಸಿಕ್ಕಿತು. ಆದರೆ ಅದು ಇನ್ನೊಂದು ಮಹಾಸಾಗರ ದಾಟಿ ಬರಬೇಕು, ಒಲೆ ಅಷ್ಟು ದಿನ ಕಾಯುವುದಿಲ್ಲ.

ನಮ್ಮ ಬೀದಿಯಲ್ಲಿ ಉರಿ ಸಣ್ಣಗಾಯಿತು. ಆಸ್ಪತ್ರೆಯ ಬಟ್ಟೆ ಕುದಿಸುವ ಕೋಣೆ ಹಗಲು ಮುಚ್ಚಿತು. ಗಾಜಿನ ಕಾರ್ಖಾನೆಯವರು ಬಾಗಿಲಲ್ಲಿ ಗುಂಪಾಗಿ ನಿಂತು ಸುಮ್ಮನೆ ಚಿಮಣಿ ನೋಡುತ್ತಿದ್ದರು. ನಾನು ಪ್ರಚಾರ ವಿಭಾಗದಿಂದ 'ಇಂಧನ ಸಾಕಷ್ಟಿದೆ, ಆತಂಕ ಬೇಡ' ಎಂದು ಪ್ರಕಟಣೆ ಕೊಟ್ಟೆ. ಅದನ್ನೋದಿ ಜನ ಆತಂಕಗೊಂಡು ಪೆಟ್ರೋಲ್ ಬಂಕುಗಳ ಮುಂದೆ ಸಾಲು ನಿಂತರು. ಸಾಲು ಕರಗಲೆಂದು ಇನ್ನೂ ಗಟ್ಟಿಯಾಗಿ 'ಆತಂಕ ಬೇಡವೇ ಬೇಡ' ಎಂದು ಬರೆದೆ. ಸಾಲು ನಮ್ಮ ಆಫೀಸಿನ ಗೇಟಿನವರೆಗೆ ಬಂತು. ಅದರಲ್ಲಿ ನಮ್ಮಮ್ಮನೂ ಇದ್ದಳು, ಕೈಯಲ್ಲಿ ಸೀಮೆಎಣ್ಣೆ ಕ್ಯಾನು.

"ಅಮ್ಮಾ, ಪ್ರಕಟಣೆ ಓದಿಲ್ವಾ?" ಎಂದೆ.

"ಓದೇ ಬಂದಿದ್ದು ಕಣೋ. ನೀನು ಚಿಕ್ಕಂದಿನಲ್ಲೂ 'ಏನೂ ಆಗಿಲ್ಲಮ್ಮ' ಅಂದ್ರೆ ಏನೋ ಒಡೆದಿರ್ತಿತ್ತು."

ಅಣ್ಣನ ಹಡಗು ಆ ಹೊತ್ತಿಗೆ ಗ್ಯಾಸು ತುಂಬಿಕೊಂಡು ಗಂಟಲಿನ ಆಚೆ ಒಳಗೇ ಸಿಕ್ಕಿಬಿದ್ದಿತ್ತು. ಅದರ ಹಿಂದೆ ನಮ್ಮವೇ ಇನ್ನೆರಡು. ಕಂದು ಗುಂಡಿ ನಕ್ಷೆಯ ಮೇಲೆ ಅಲ್ಲೇ ನಿಂತು ಧೂಳು ಕೂಡಿಸಿಕೊಳ್ಳುತ್ತಿತ್ತು. ಬೆಳಿಗ್ಗೆ ಅತ್ತಿಗೆ ಸೆರಗಿನ ತುದಿಯಿಂದ ಅದನ್ನು ಒರೆಸುವುದನ್ನು ನೋಡಿದ್ದೇನೆ, ಗುಂಡಿ ಅಲುಗದ ಹಾಗೆ.

ಕೊನೆಗೆ ಸಮಿತಿ ಕೂತಿತು. ಯಾವುದಾದರೂ ಒಂದು ಹಡಗು ಮೊದಲು ದಾಟಬೇಕು, ಅದು ದಾಟಿದರೆ ಮಿಕ್ಕವನ್ನು ಹಿಂದೆಯೇ ಬಿಡುವುದು ಎಂದು ತೀರ್ಮಾನವಾಯಿತು. ಮೊದಲನೆಯದು ಅಣ್ಣನ ಹಡಗು. ಆದರೆ ಇಂಥ ಕಡೆಗೆ ಹೋಗುವಾಗ ಹಡಗಿನವರ ಒಪ್ಪಿಗೆ ಕೇಳಬೇಕು, ಬೇಡ ಅನ್ನುವ ಹಕ್ಕು ಅವರಿಗಿದೆ. ಆ ಭಾನುವಾರ ಮಧ್ಯಾಹ್ನ ಅಣ್ಣನ ಫೋನ್ ಬಂತು. ಅಡುಗೆಮನೆಯಲ್ಲಿ ಅತ್ತಿಗೆ, ಅಮ್ಮ, ನಾನು ಫೋನಿನ ಸುತ್ತ ನಿಂತೆವು.

"ರೀ, ಕೈ ಎತ್ತಬೇಡಿ. ಕೇಳಿದ್ರೆ ಬೇಡ ಅನ್ನಿ. ಯಾರೂ ಏನೂ ಅನ್ನೋ ಹಾಗಿಲ್ಲ, ರೂಲಿದೆ" ಎಂದರು ಅತ್ತಿಗೆ ಒಂದೇ ಉಸಿರಿಗೆ.

ಆ ಕಡೆ ಗಾಳಿಯ ಸದ್ದಿನ ನಡುವೆ ಅಣ್ಣನ ದನಿ ಬಂತು.

"ಕೇಳಾಯ್ತು ಕಣೆ."

"ನೀವೇನಂದ್ರಿ?"

"ಎಲ್ಲಾರೂ ಸುಮ್ನಿದ್ರು. ಆಮೇಲೆ ಎಲ್ಲಾರೂ ನನ್ನ ಮುಖ ನೋಡಿದ್ರು. ಇಷ್ಟು ವರ್ಷ ಆ ಬಿರುಗಾಳಿ ಈ ಬಿರುಗಾಳಿ ಅಂತ ಬಾಯಿ ಬಡ್ಕೊಂಡಿದೀನಲ್ಲ... ಕೈ ತಾನಾಗೇ ಮೇಲೆ ಹೋಯ್ತು."

"ತಾನಾಗೇ ಹೋಗೋಕೆ ಅದೇನು ಬಾವುಟಾನ?" ಎಂದಳು ಅಮ್ಮ. "ಈ ಬಾಯಿ ಇವರಪ್ಪಂದು. ಸಾಯೋವರೆಗೂ ಅವರಿಗೂ ಬುದ್ಧಿ ಬರ್ಲಿಲ್ಲ."

"ನಾನೆತ್ತಿದ ಮೇಲೆ ಮಿಕ್ಕೋರೂ ಎತ್ತಿದ್ರಮ್ಮ." ಅಣ್ಣನ ದನಿಯಲ್ಲಿ ಕ್ಯಾಪ್ಟನ್ ಇರಲಿಲ್ಲ. "ಅದರಲ್ಲೊಬ್ಬನಿಗೆ ಮೊನ್ನೆ ತಾನೇ ಮಗು ಆಗಿದೆ."

ಆ ದಿನ ಅವನು ಒಲೆಯ ಮಾತೆತ್ತಲಿಲ್ಲ. ಅತ್ತಿಗೆ ಫೋನಿಟ್ಟು ಬಹಳ ಹೊತ್ತು ಆ ಸಣ್ಣ ಉರಿಯನ್ನೇ ನೋಡುತ್ತ ನಿಂತಿದ್ದರು.

ಹಡಗು ಹೊರಡಲಿ ಎಂಬ ಆಜ್ಞೆಯನ್ನು ಟೈಪು ಮಾಡಿ ಕಳಿಸುವುದು ಹಡಗಿನ ಕೋಣೆಯ ಕೆಲಸ. ಅಂದರೆ ಅತ್ತಿಗೆಯ ಕೆಲಸ. ಅವರು ನಿರ್ದೇಶಕರ ಬಳಿ ಹೋದರು, ಜೊತೆಗೆ ನಾನೂ ಹೋದೆ. ನಿರ್ದೇಶಕರಿಗೆ ಆಫೀಸಿನಲ್ಲಿ 'ಸಮುದ್ರರಾಜ' ಎಂಬ ಹೆಸರು. ನಕ್ಷೆಯ ಮುಂದೆ ಬೆತ್ತ ಹಿಡಿದು ನಿಂತರೆ ಅಲೆಗಳು ಸಾಲಾಗಿ ನಿಲ್ಲಬೇಕು, ಅಂಥ ಠೀವಿ. ನೌಕರರ ವಿಹಾರಕ್ಕೆ ಹೋದಾಗ ಉದ್ಯಾನದ ಕೊಳದಲ್ಲಿ, ಕಾಲಲ್ಲಿ ತುಳಿಯುವ ದೋಣಿಯಲ್ಲಿ ಅವರಿಗೆ ವಾಂತಿಯಾಗಿತ್ತು. ಅದನ್ನು ಯಾರೂ ಜ್ಞಾಪಿಸುವುದಿಲ್ಲ.

"ಸಾರ್, ಆ ಹಡಗಲ್ಲಿ ನಮ್ಮ ಯಜಮಾನ್ರಿದಾರೆ. ಈ ಮೆಸೇಜು ಬೇರೆ ಯಾರಾದ್ರೂ..."

"ನೋಡಿಮ್ಮ, ಅದಕ್ಕೇ ನೀವೇ ಕಳಿಸ್ಬೇಕು. ನಿಗಮಕ್ಕೆ ಎಷ್ಟು ಧೈರ್ಯ ಇದೆ ಅಂತ ಜನಕ್ಕೆ ಗೊತ್ತಾಗುತ್ತೆ. ಇವರು ಇದನ್ನೂ ಬರೀತಾರೆ" ಎಂದು ನನ್ನ ಕಡೆ ಬೆತ್ತ ತೋರಿಸಿದರು.

ನಾನು ಬರೆಯಲಿಲ್ಲ. ಅತ್ತಿಗೆ ಟೈಪು ಮಾಡಿದರು. ಆಜ್ಞೆ ಉದ್ದವೇನೂ ಇರಲಿಲ್ಲ. ಅದನ್ನು ಓದಿದರು, ಮತ್ತೆ ಓದಿದರು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು, ಯಾರದೋ ಕೈಯನ್ನು ಒತ್ತಿದ ಹಾಗೆ, ಕೀಲಿ ಒತ್ತಿದರು.

ಹಡಗು ಮರುದಿನ ಬೆಳಕಿನಲ್ಲಿ ದಾಟಬೇಕಿತ್ತು. ಅಂದು ಬೆಳಿಗ್ಗೆ ಅತ್ತಿಗೆ ಬಸ್‌ಸ್ಟಾಪಿನಿಂದ ಎಷ್ಟು ಸಲ ವಾಪಸಾದರೆಂದರೆ, ಕೊನೆಗೆ ಅಮ್ಮನೇ ಒಲೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು, "ಹೋಗಮ್ಮ, ನಾನು ಕಾವಲಿದೀನಿ" ಎಂದಳು.

ಕೋಣೆಗೆ ಬಂದು ನೋಡಿದರೆ ಪರದೆಯ ಮೇಲೆ ಅಣ್ಣನ ಹಡಗು ನೀರಿನಲ್ಲೇ ಇಲ್ಲ. ಆ ದಡದ ಯಾವುದೋ ವಿಮಾನ ನಿಲ್ದಾಣದ ನಡುವೆ, ರನ್‌ವೇ ಮೇಲೆ ಹಾಯಾಗಿ ನಿಂತಿದೆ. ಪಕ್ಕದಲ್ಲಿ ಇನ್ನೂ ಹತ್ತಾರು ಹಡಗು. ಜಗಳದಲ್ಲಿ ಯಾರೋ ಸುಳ್ಳು ಸಂಕೇತಗಳನ್ನು ಬಿಟ್ಟು ಎಲ್ಲರ ಯಂತ್ರಗಳಿಗೂ ಮಂಕುಬೂದಿ ಎರಚಿದ್ದರು.

"ನಿಮ್ಮಣ್ಣ ಏರ್‌ಪೋರ್ಟಲ್ಲಿದಾರೆ ನೋಡು" ಎಂದರು ಅತ್ತಿಗೆ. ನಗಲು ಹೋದರು, ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಆ ಚುಕ್ಕೆಯೂ ಮಾಯವಾಯಿತು. ಗುರುತು ಹೇಳುವ ಯಂತ್ರವನ್ನೇ ಆರಿಸಿ, ಸದ್ದಿಲ್ಲದೆ ದಾಟಬೇಕೆಂದು ಅಸಲಿ ಕ್ಯಾಪ್ಟನ್ನಿಗೆ ಹೇಳಿದ್ದರಂತೆ. ಇನ್ನು ವರದಿ ಬರುವವರೆಗೆ ಲೋಕದಲ್ಲಿ ಆ ಹಡಗಿಗೆ ಇದ್ದ ವಿಳಾಸ ಒಂದೇ: ಗೋಡೆಯ ಮೇಲಿನ ಕಂದು ಗುಂಡಿ.

ನಡುಹಗಲಾಯಿತು. ವರದಿ ಬರಲಿಲ್ಲ.

ಬಂದದ್ದು ಮಂತ್ರಿಗಳು. ದೇಶಕ್ಕೆ ಧೈರ್ಯ ಹೇಳಲು ಹಡಗಿನ ಕೋಣೆಯೇ ಸರಿಯಾದ ಜಾಗ ಎಂದು ಸಮುದ್ರರಾಜರೇ ಕರೆಸಿದ್ದರು. ಹಿಂದೆ ಕ್ಯಾಮೆರಾಗಳು, ವೈರುಗಳು. ಅತ್ತಿಗೆ ಕಂಪ್ಯೂಟರ್ ಮುಂದೆ ಗೋಡೆಗೆ ಬೆನ್ನು ಮಾಡಿ ಕೂತಿದ್ದರು, ವರದಿ ಬರುವ ಜಾಗದಿಂದ ಕಣ್ಣು ಕೀಳದೆ.

"ನೋಡಿ ಸಾರ್" ಎಂದು ಸಮುದ್ರರಾಜರು ಶುರುಮಾಡಿದರು. "ಬೆಳಗಾಗುತ್ತಲೇ ಹೊರಟಿದೆ. ಇಷ್ಟು ವೇಗ, ಇಷ್ಟು ದೂರ. ಲೆಕ್ಕದ ಪ್ರಕಾರ ಈಗ ದಾಟಿ ಆಗಿದೆ." ಹಾಗೆಂದು ಬೆತ್ತದ ತುದಿಯಿಂದ ಕಂದು ಗುಂಡಿಯನ್ನು ಸರ್‍ರನೆ ತಳ್ಳಿದರು. ಗಂಟಲು ದಾಟಿಸಿ, ವಿಶಾಲವಾದ ನೀಲಿಯಲ್ಲಿ ನಿಲ್ಲಿಸಿದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಮಂತ್ರಿಗಳು ಕ್ಯಾಮೆರಾದತ್ತ ತಿರುಗಿ, "ನಮ್ಮ ಮೊದಲ ಹಡಗು ಸುರಕ್ಷಿತವಾಗಿ ದಾಟಿದೆ. ಉಳಿದೆರಡಕ್ಕೂ ಈಗಲೇ ಆಜ್ಞೆ ಹೋಗುತ್ತದೆ" ಎಂದರು.

ಚಪ್ಪಾಳೆಗೆ ಅತ್ತಿಗೆ ತಿರುಗಿ ನೋಡಿದರು. ಗುಂಡಿ ಅದರ ಜಾಗದಲ್ಲಿಲ್ಲ.

ಲಿಫ್ಟಿಗೆ ಹೆದರುವ, ಮಲಗಿದ ನಾಯಿಗೆ ಹೆದರುವ ಆ ಹೆಂಗಸು ಎದ್ದು, ವೈರುಗಳನ್ನು ದಾಟಿ, ಮಂತ್ರಿಗಳ ಮುಂದೆಯೇ ಹಾದು ಗೋಡೆಯ ಬಳಿ ಹೋದರು. ಗುಂಡಿಗೆ ಕೈ ಹಾಕಿದರು. ಆತುರಕ್ಕೆ ಅದು ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಟಣ್ ಎಂದು ಪುಟಿದು, ಉರುಳಿ, ಮೂಲೆಯ ಕಬ್ಬಿಣದ ಬೀರುವಿನ ಕೆಳಗೆ ಹೋಗಿಬಿಟ್ಟಿತು.

ಬಿದ್ದದ್ದು ಒಂದು ಹಳೆಯ ಕೋಟಿನ ಗುಂಡಿ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ಯಾರಿಗೂ ಹಾಗೆ ಅನ್ನಿಸಲಿಲ್ಲ. ಅತ್ತಿಗೆಯ ಬಾಯಿಂದ ಸಣ್ಣದೊಂದು ಸದ್ದು ಹೊರಟಿತು.

ಆಮೇಲೆ ನಡೆದದ್ದನ್ನು ದೇಶವೇ ನೋಡಿತು. ಸಮುದ್ರರಾಜರು ಬೆತ್ತ ಪಕ್ಕಕ್ಕಿಟ್ಟು, ಕೋಟು ಬಿಚ್ಚಿ, ಮಂಡಿಯೂರಿ, ಅಂಬೆಗಾಲಿಕ್ಕಿ, ಕೆನ್ನೆಯನ್ನು ನೆಲಕ್ಕೆ ಒತ್ತಿ ಬೀರುವಿನ ಕೆಳಗೆ ಕೈ ತೂರಿಸಿದರು. ಕ್ಯಾಮೆರಾಗಳಿಗೆ ಸಿಕ್ಕಿದ್ದು ಅವರ ಹಿಂಭಾಗ. ಒಂದು ಪೆನ್ನು ಬಂತು, ಒಣಗಿದ ಜಿರಳೆ ಬಂತು, ಆಮೇಲೆ ಗುಂಡಿ ಬಂತು. ಅದನ್ನು ಅಂಗೈಯಲ್ಲಿ ಎತ್ತಿ ಹಿಡಿದು ಮೇಲೆದ್ದಾಗ ಅವರ ಮುಖವೂ ಬಿಳುಚಿಕೊಂಡಿತ್ತು. ಅತ್ತಿಗೆಯ ಕೈಗೆ ಕೊಟ್ಟರು. ಅವರ ಬಗ್ಗೆ ನಾನು ಮಾಡಿದ ಹಾಸ್ಯಗಳಲ್ಲಿ ಒಂದನ್ನಾದರೂ ವಾಪಸ್ ತೆಗೆದುಕೊಳ್ಳೋಣ ಅನ್ನಿಸಿದ್ದು ಆಗ ಮಾತ್ರ.

ಅತ್ತಿಗೆ ಗುಂಡಿಯನ್ನು ಒರೆಸಿ, ಗಂಟಲಿನ ಒಳಗಡೆಯ ಅದರ ಹಳೆಯ ಜಾಗದಲ್ಲಿ ಅಂಟಿಸಿದರು.

"ಏನಮ್ಮ ಇದು?" ಎಂದರು ಮಂತ್ರಿಗಳು.

"ವರದಿ ಬಂದಿಲ್ಲ ಸಾರ್."

"ಲೆಕ್ಕದ ಪ್ರಕಾರ ದಾಟಿದೆಯಂತಲ್ಲ?"

"ಲೆಕ್ಕ ದಾಟಿರ್ಬಹುದು ಸಾರ್. ಹಡಗು ದಾಟಿದೆ ಅಂತ ಹಡಗು ಹೇಳಿಲ್ಲ."

ಸಮುದ್ರರಾಜರು ಕೋಟು ಹಾಕಿಕೊಂಡರು, ಕೋಟಿನೊಂದಿಗೆ ದನಿಯೂ ಬಂತು. "ಇವರ ಯಜಮಾನ್ರು ಆ ಹಡಗಲ್ಲಿದಾರೆ ಸಾರ್, ಸ್ವಲ್ಪ ಭಾವುಕರು. ನೀವು ಆ ಎರಡು ಹಡಗಿನ ಆಜ್ಞೆ ಟೈಪ್ ಮಾಡಿಮ್ಮ."

"ನನ್ನ ಕೈ ಬರಲ್ಲ ಸಾರ್" ಎಂದರು ಅತ್ತಿಗೆ. ಅಳುತ್ತಿದ್ದರು. "ನಿನ್ನೆ ಒಂದು ಕಳಿಸಿದೀನಿ, ಅದೆಲ್ಲಿದೆ ಗೊತ್ತಿಲ್ಲ. ಬೇರೆ ಯಾರಾದ್ರೂ ಕೂತ್ಕೊಳ್ಳಿ. ಕುರ್ಚಿ ಖಾಲಿ ಇದೆ."

ಕುರ್ಚಿ ನಿಜಕ್ಕೂ ಖಾಲಿಯಿತ್ತು. ಕೋಣೆಯಲ್ಲಿ ಓದಿದವರು, ಸಹಿ ಹಾಕುವವರು, ಹಾಕಿಸುವವರು ಬೇಕಾದಷ್ಟು ಜನ. ಎಲ್ಲರೂ ಆ ಕುರ್ಚಿಯನ್ನು ನೋಡಿದರು. ಒಬ್ಬರಿಗೆ ಫೋನ್ ಬಂತು, ಇನ್ನೊಬ್ಬರಿಗೆ ಕೆಮ್ಮು ಬಂತು. ಸಮುದ್ರರಾಜರು ಕೀಲಿಮಣೆಯವರೆಗೆ ಹೋಗಿ, ಕನ್ನಡಕ ಹುಡುಕತೊಡಗಿದರು. ಅದು ಮೂಗಿನ ಮೇಲೇ ಇತ್ತು. ನಾನು ಟೈಪಿಂಗ್ ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದವನು. ಆ ಗಳಿಗೆಯಲ್ಲಿ ಅದು ಮರೆತುಹೋಗಿತ್ತು.

"ವರದಿ ಬರಲಿ ಬಿಡಿ" ಎಂದರು ಮಂತ್ರಿಗಳು ಕೊನೆಗೆ, ಯಾರನ್ನೂ ನೋಡದೆ.

ನನ್ನ ಜೇಬು ನಡುಗಿತು. ಅಮ್ಮನ ಫೋನು.

"ಏನೋ ಅದು! ದಾಟ್ತು ಅಂದ್ರು, ಟಿವೀಲಿ ನಾನೇ ನೋಡ್ದೆ. ಕೈ ಮುಗ್ದೆ. ಇವಳ್ಯಾಕೋ ಅವನನ್ನ ಎತ್ತಿ ವಾಪಸ್ ಹಾಕಿದ್ಲು? ಕೆಳಗೆ ಬೇರೆ ಬೀಳಿಸಿದ್ಲಲ್ಲೋ! ಹೇಳು ಅವಳಿಗೆ, ಆ ಕಡೆಗೇ ಇಡು ಅಂತ! ಈಗ್ಲೇ ಇಡ್ಲಿ!"

"ಅಮ್ಮಾ, ಅದು ಗುಂಡಿ ಅಷ್ಟೇ."

"ನಂಗೊತ್ತಿಲ್ವೇನೋ ಗುಂಡಿ ಅಂತ? ಆ ಕೋಟು ಹೊಲಿಸಿದ್ದೇ ನಾನು" ಎಂದು ಅಮ್ಮ ಅಳತೊಡಗಿದಳು. ಅಮ್ಮ ಅಳುವುದನ್ನು ನಾನು ಅಪ್ಪ ಹೋದಾಗಲೂ ಕೇಳಿರಲಿಲ್ಲ.

ಅಷ್ಟರಲ್ಲಿ ಗೋಡೆಯ ಟಿವಿಯಲ್ಲಿ ಗಂಟಲಿನ ಚಿತ್ರ ಬಂತು. ದೂರದ ನೀರಿನಿಂದ ಕಪ್ಪು ಹೊಗೆ. ಯಾವುದೋ ಹಡಗಿಗೆ ಏನೋ ಬಡಿದಿದೆ. ಹೆಸರು ತಿಳಿದಿಲ್ಲ. ಯಾವ ದೇಶದ್ದೋ ತಿಳಿದಿಲ್ಲ. ಕ್ಯಾಮೆರಾದವರು ಒಬ್ಬೊಬ್ಬರಾಗಿ ವೈರು ಸುತ್ತಿಕೊಂಡರು. ಮಂತ್ರಿಗಳಿಗೆ ಬೇರೆ ಕಾರ್ಯಕ್ರಮವಿತ್ತು.

ಅತ್ತಿಗೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಬಾಗಿಲು ತೆರೆದಿಟ್ಟು, ಪರದೆ ಕಾಣುವ ಹಾಗೆ. ನಾನೂ ಒಂದು ಮೆಟ್ಟಿಲು ಕೆಳಗೆ ಕೂತೆ. ಸಮಾಧಾನ ಹೇಳುವುದು ನನ್ನ ವೃತ್ತಿ. ಬಾಯಿ ತೆರೆದರೆ 'ಆತಂಕ ಬೇಡ' ಅಂತಲೇ ಬರುತ್ತದೆಂದು ಗೊತ್ತಿದ್ದರಿಂದ ಮುಚ್ಚಿಕೊಂಡಿದ್ದೆ.

"ಒಲೆ ಆರಿಸಿದೀನಾ ಅಂತ ಅನುಮಾನ ಬಂದ್ರೆ ಬಸ್‌ಸ್ಟಾಪಿಂದ ವಾಪಸ್ ಹೋಗಿ ನೋಡ್ಬಹುದು" ಎಂದರು ಅತ್ತಿಗೆ, ನನ್ನ ಕಡೆ ನೋಡದೆ. "ಇದನ್ನ ಎಲ್ಲಿಗೆ ಹೋಗಿ ನೋಡ್ಲಪ್ಪ?"

ನಾನು ಪರದೆಯ ಕಡೆ ನೋಡಿದೆ.

"ನನ್ನ ಕೈಯಾರೆ ಕಳಿಸ್ದೆ. ಹೊರಡಿ ಅಂತ. ಸ್ಪೆಲ್ಲಿಂಗ್ ಸರಿ ಇದೆಯಾ ಅಂತ ನೋಡಿ ಬೇರೆ ಕಳಿಸ್ದೆ."

ಕೆಳಗೆ ರಸ್ತೆಯಲ್ಲಿ ಪೆಟ್ರೋಲ್ ಸಾಲಿನ ಹಾರನ್ನು ಕೇಳುತ್ತಿತ್ತು. ಮುಂದಿನವನು ಒಂದು ಅಡಿ ಜರುಗದಿದ್ದರೆ ಹಿಂದಿನವನಿಗೆ ಸಿಟ್ಟು. ಅವನಿಗೆ ಬೇಕಾದ ಎಣ್ಣೆ ಎಲ್ಲಿಂದ, ಯಾರ ಎದೆಬಡಿತದ ಮೇಲೆ ತೇಲಿ ಬರುತ್ತದೆಂದು ಅವನಿಗೆ ಗೊತ್ತಿಲ್ಲ. ನನಗೂ ಮೊನ್ನೆಯವರೆಗೆ ಗೊತ್ತಿರಲಿಲ್ಲ, ಅದರ ಬಗ್ಗೆ ಪ್ರಕಟಣೆ ಬರೆಯುವವನಾಗಿಯೂ.

ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಮೇಲ್ಚಾವಣಿಗೆ ಏರಿತು. ಆಮೇಲೆ ಕಂಪ್ಯೂಟರು ಟಿಣ್ ಎಂದಿತು.

ಅತ್ತಿಗೆ ಏಳಲಿಲ್ಲ. "ನೀನು ಹೋಗಿ ನೋಡು" ಎಂದರು. ನಾನು ಹೋಗಲು ಕಾಲೆತ್ತುವಷ್ಟರಲ್ಲಿ ನನ್ನನ್ನು ತಳ್ಳಿಕೊಂಡು ಅವರೇ ಓಡಿದರು.

ನಡುಹಗಲಿನ ವರದಿ, ಸಂಜೆಗೆ. ಎಲ್ಲಿದ್ದೇವೆ: ಗಂಟಲಿನ ಈಚೆ, ತೆರೆದ ಕಡಲಲ್ಲಿ. ಕಡಲು: ಶಾಂತ. ಆವಿಯಾದ ಗ್ಯಾಸು: ಮಾಮೂಲು. ತಡಕ್ಕೆ ಕಾರಣ: ಸಂಪರ್ಕ ಸತ್ತಿತ್ತು. ಕೊನೆಯಲ್ಲಿ ಒಂದು ಸಾಲು: ನಮ್ಮ ಹಿಂದೆಯೇ ಬರುತ್ತಿದ್ದ ಎಣ್ಣೆ ಹಡಗಿಗೆ ಬಡಿಯಿತು, ನೋಡಿದೆವು, ನಿಲ್ಲುವ ಹಾಗಿರಲಿಲ್ಲ. ಅದು ಬೇರೆ ದೇಶದ ಹಡಗು. ಅದರಲ್ಲಿದ್ದವರನ್ನು ದೋಣಿಗಳು ಎತ್ತಿಕೊಂಡವು ಎಂದು ಆಮೇಲೆ ತಿಳಿಯಿತು. ಎಲ್ಲರನ್ನೂ ಅಲ್ಲ.

ಅತ್ತಿಗೆ ಓದಿದರು. ಮತ್ತೆ ಓದಿದರು. ಎದ್ದು, ಗುಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಗಂಟಲಿನ ನಡುವೆ ನಿಧಾನವಾಗಿ ನಡೆಸಿಕೊಂಡು ಹೋಗಿ ಈಚೆ ಇಟ್ಟರು.

"ನಾನು ಆಗಲೇ ಹೇಳಲಿಲ್ವಾ!" ಎಂದರು ಸಮುದ್ರರಾಜರು. ಅವರು ಹೇಳಿದ್ದು ನಿಜವೇ. ಲೆಕ್ಕವೂ ಸರಿಯಾಗಿತ್ತು. ಅದನ್ನು ಅವರು ಇವತ್ತಿಗೂ ಹೇಳುತ್ತಾರೆ. ಮಧ್ಯಾಹ್ನವೇ ಆಜ್ಞೆ ಹೋಗಿದ್ದರೆ ಉಳಿದೆರಡು ಹಡಗು ಆ ಹೊಗೆಯ ಹತ್ತಿರ ಎಲ್ಲಿರುತ್ತಿದ್ದವು ಎಂಬ ಲೆಕ್ಕವನ್ನು ಮಾತ್ರ ಯಾರೂ ಹಾಕಲಿಲ್ಲ. ಕೆಲವು ದಿನ ಕಳೆದು, ಮುಂದೆ ನೌಕಾಪಡೆಯ ಹಡಗುಗಳನ್ನಿಟ್ಟುಕೊಂಡು ಅವೂ ದಾಟಿದವು. ಆ ಆಜ್ಞೆಗಳನ್ನು ಟೈಪು ಮಾಡಿದ್ದು ಅತ್ತಿಗೆಯೇ, ಎಡಗೈಯಲ್ಲಿ ಬಲಗೈ ಹಿಡಿದುಕೊಂಡು. ಆ ಹಡಗುಗಳಲ್ಲೂ ಯಾರದೋ ಗಂಡಂದಿರಿದ್ದರು.

ವರದಿ ಬಂದ ದಿನವೇ ರಾತ್ರಿ ಅಣ್ಣನ ಫೋನು ಬಂತು. ನಾವು ಮೂವರೂ ಅಡುಗೆಮನೆಯಲ್ಲಿ, ಹಿಂದಿನಂತೆಯೇ.

"ಹೆದ್ರಿಕೆ ಆಗ್ಬಿಡ್ತು ಕಣೆ" ಎಂದ. ಕ್ಯಾಪ್ಟನ್ನಿನ ಬಾಯಲ್ಲಿ ಆ ಮಾತು ನಾವು ಕೇಳಿದ್ದು ಅದೇ ಮೊದಲು.

"ನನಗೂ" ಎಂದರು ಅತ್ತಿಗೆ.

"ನಿನಗೆ ಯಾವಾಗ ಆಗಿಲ್ಲ!" ಎಂದು ನಗಲು ಹೋದ. ನಗು ಅರ್ಧಕ್ಕೇ ಏನೋ ಆಗಿ ನಿಂತಿತು. ಅಮ್ಮ ಫೋನು ಕಸಿದುಕೊಂಡು, "ಊಟ ಆಯ್ತೇನೋ ಬಾವುಟ?" ಎಂದಳು. ಅಲ್ಲಿಂದ ಅವನಿಗೆ ಅದೇ ಹೆಸರು.

ರಜೆಗೆ ಬಂದ ಅಣ್ಣ ಬಿರುಗಾಳಿಯ ಕತೆ ಹೇಳುವುದಿಲ್ಲ. ಗಂಟಲಿನ ಜಗಳ ಇನ್ನೂ ಮುಗಿದಿಲ್ಲ, ಒಂದು ವಾರ ಆರುತ್ತದೆ, ಒಂದು ವಾರ ಹೊತ್ತುತ್ತದೆ. ರಜೆ ಮುಗಿದ ಮೇಲೆ ಅವನು ಮತ್ತೆ ಹೋಗಬೇಕು, ಮನೆಯಲ್ಲಿ ಆ ಮಾತು ಯಾರೂ ಎತ್ತುವುದಿಲ್ಲ. ಮೊನ್ನೆ ಬೆಳಿಗ್ಗೆ ಅಣ್ಣ, ಅತ್ತಿಗೆ, ನಾನು ಒಟ್ಟಿಗೆ ಹೊರಟೆವು. ಬಸ್‌ಸ್ಟಾಪು ತಲುಪಿ, ಅತ್ತಿಗೆ ಕಲ್ಲುಬೆಂಚಿನ ಮೇಲೆ ಚೀಲ ಇಟ್ಟರು. ಮುಖದ ಬಣ್ಣ ಬದಲಾಯಿತು. ಆದರೆ ಮೊದಲು ತಿರುಗಿದ್ದು ಅಣ್ಣ.

"ಇರು, ನಾನೇ ನೋಡ್ಕೊಂಡು ಬರ್ತೀನಿ."

ಅವನು ಓಡುತ್ತ ಹೋಗಿ, ಏದುಸಿರು ಬಿಡುತ್ತ ಬಂದ. "ಆರಿದೆ."

"ಸರಿಯಾಗಿ ನೋಡಿದ್ರಾ?"

ಅಣ್ಣ ಒಂದು ಕ್ಷಣ ಯೋಚಿಸಿದ. ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತ್ತು. ಗಂಡಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಮನೆಯ ಕಡೆ ಹೊರಟರು. ನಾನು ಚೀಲ ಕಾಯುತ್ತ ಕೂತೆ.